ಕೆಂಪು ಗೆರೆ ಎಳೆದ ಡಿವಿಷನ್

ಕ್ಯಾಪ್ಟನ್ ಗಾಂಟ್ಸರ್ ಟೈಪ್‌ರೈಟರ್ ಮೇಲೆ ತಲೆಯಿಟ್ಟು ಕೂತಿದ್ದ. ಬಲಗಡೆ ಕಣತಲೆಯಲ್ಲಿ ಗುಂಡಿನ ತೂತು. ಕಾಲ ಬಳಿ ಅವನದೇ ಪಿಸ್ತೂಲು.

ಬೆಳಿಗ್ಗೆ ಏಳು ಗಂಟೆ. ಕಾಫಿ ತಂದ ಗುಮಾಸ್ತ ಲೂಡೆ ಮೊದಲು ನೋಡಿದ. ಲೋಟ ಕೆಳಗಿಟ್ಟು, ಹೋಗಿ ವೀಬ್ಕೆಯನ್ನು ಕರೆತಂದ.

ಒಟ್ಟೊಮಾರ್ ವೀಬ್ಕೆ ಯುದ್ಧಕ್ಕೆ ಮುಂಚೆ ಸ್ಟೆಟಿನ್ ಪಟ್ಟಣದ ಪತ್ತೇದಾರ. ಈಗ ಸೈನ್ಯದ ಪೊಲೀಸು. ಅದು ೧೯೪೫ರ ಮಾರ್ಚ್. ಐದು ತಿಂಗಳಿಂದ ಹಲವು ಡಿವಿಷನ್‌ಗಳು ಸೇರಿದ ಈ ಜರ್ಮನ್ ಸೇನಾ ಕೋರ್ ಲಾಟ್ವಿಯಾದ ಕರಾವಳಿಯಲ್ಲಿ ಸಿಕ್ಕಿಬಿದ್ದಿತ್ತು. ಮುಂದೆ ರಷ್ಯನ್ನರು, ಬೆನ್ನಿಗೆ ಸಮುದ್ರ. ಉಳಿದ ದಾರಿ ಹಡಗು ಒಂದೇ. ಅದರಲ್ಲಿ ಜಾಗ ಯಾರಿಗುಂಟು ಯಾರಿಗಿಲ್ಲ.

ಗಾಂಟ್ಸರ್ ಊರಲ್ಲಿ ಚರಿತ್ರೆಯ ಮೇಷ್ಟ್ರು. ಇಲ್ಲಿ ಕೋರ್‌ನ ದಿನಚರಿ ಬರೆಯುವವನು. ಗೋಡೆಯ ಮೇಲೆ ಅವನೇ ಬರೆದ ಪಟ. ಮೇಲೆ ಕೋರ್‌ನ ಮುಖ್ಯ ಕಚೇರಿ. ಅದಕ್ಕೆ ಅಂಟಿಕೊಂಡು ಸ್ವಂತ ಫಿರಂಗಿ ಪಡೆ, ಟೆಲಿಫೋನ್ ಪಡೆ. ಕೆಳಗೆ ಡಿವಿಷನ್‌ಗಳು. ಐದು ವರ್ಷದಲ್ಲಿ ಹತ್ತೊಂಬತ್ತು ಬಂದಿದ್ದವು, ಹೋಗಿದ್ದವು. ಈಗ ಮೂರು. ಕೊನೆಯದರ ಮೇಲೆ ಹೊಸದಾಗಿ ಒಂದು ಕೆಂಪು ಗೆರೆ.

ಕೋರ್‌ನ ಜನರಲ್‌ಗೆ ಬಲಗೈಯಾಗಿದ್ದ ಕರ್ನಲ್ ಹಾಗೆಡೋರ್ನ್ ಬಾಗಿಲಲ್ಲೇ ನಿಂತ.

"ಆತ್ಮಹತ್ಯೆ. ಬರೆದು ಮುಗಿಸಿ, ವೀಬ್ಕೆ."

"ಅಷ್ಟು ಬೇಗ ಹೇಗೆ ಹೇಳ್ತೀರಿ ಸಾಹೇಬ್ರೆ?"

"ಇವತ್ತು ಆ ಕೆಂಪು ಗೆರೆಯ ಡಿವಿಷನ್ ಸತ್ತುಹೋಯ್ತು. ಐದೂವರೆಗೆ ಇವನೇ ಟೈಪ್ ಮಾಡಿದ್ದಾನೆ, 'ಒಬ್ಬನೂ ಉಳಿದಿಲ್ಲ, ವಿಸರ್ಜಿಸಲಾಗಿದೆ' ಅಂತ. ಆ ಡಿವಿಷನ್ನಿನ ಮೇಜರ್ ಟೆಸ್ಮಾರ್ ಕೈಗೆ ಪತ್ರ ಕೊಟ್ಟ. ಆಮೇಲೆ ಮನಸ್ಸು ತಡೀಲಿಲ್ಲ."

ಡಿವಿಷನ್ ವಿಸರ್ಜನೆಯಾದರೆ ಅದರ ಅಧಿಕಾರಿಗಳು ಜರ್ಮನಿಗೆ ಮರಳಿ ಹೊಸದನ್ನು ಕಟ್ಟಬೇಕು. ಹಾಗೆಂದು ಆಜ್ಞೆ. ಟೆಸ್ಮಾರ್‌ಗೂ ಅವನ ಇಬ್ಬರು ಸಂಗಡಿಗರಿಗೂ ಕರ್ನಲ್ ಆಗಲೇ ಹಡಗಿನ ಚೀಟಿ ಬರೆದಾಗಿತ್ತು. ಹಡಗು ನಾಲ್ಕು ಗಂಟೆಗೆ.

*

ವೀಬ್ಕೆ ಕೋಣೆ ಬೆಚ್ಚಗಿಡುವ ಒಲೆಯ ಬಾಗಿಲು ತೆಗೆದ. ಅರೆಸುಟ್ಟ ಹಾಳೆಗಳು. ಒಂದರಲ್ಲಿ ರಷ್ಯದ ಊರುಗಳ ಹೆಸರು, ತಾರೀಕು, ಕೋರ್ ಸುಟ್ಟ ಮನೆಗಳ ಲೆಕ್ಕ.

"ಲೂಡೆ, ಇದು ಯಾರ ಕೆಲಸ?"

"ನಾನೇ ಸಾರ್. ನಿನ್ನೆ ಸಂಜೆ. ಕರ್ನಲ್ ಸಾಹೇಬ್ರು ಹೇಳಿದ್ರು. ೧೯೪೨ರ ಪುಟಗಳೆಲ್ಲ ಹೋಗ್ಬೇಕು ಅಂದ್ರು. ಕ್ಯಾಪ್ಟನ್ ಸಾಹೇಬ್ರು ಜಗಳ ಆಡಿದ್ರು."

"ಏನಂದ್ರು?"

"ನಾವು ಗೆದ್ದ ಪುಟ ಇಟ್ಕೊಂಡು ಊರು ಸುಟ್ಟ ಪುಟ ಹರಿದ್ರೆ ಅದು ಚರಿತ್ರೆ ಅಲ್ಲ, ಸುಳ್ಳು ಸಾಕ್ಷಿ ಅಂದ್ರು."

ವೀಬ್ಕೆ ನೇರ ಕರ್ನಲ್‌ನ ಕೋಣೆಗೆ ಹೋದ. ಕರ್ನಲ್ ಮುಚ್ಚಿಡಲಿಲ್ಲ.

"ಹೌದು, ಸುಡಿಸಿದೆ. ರಷ್ಯನ್ನರ ಕೈಗೆ ಅದು ಸಿಕ್ಕರೆ ನನ್ನ ಕುತ್ತಿಗೆಗೆ ಬರುತ್ತೆ. ಅಷ್ಟಕ್ಕೆ ಕೊಲ್ಲಬೇಕಾಗಿರಲಿಲ್ಲ, ಪುಟ ಬೂದಿಯಾಗಿತ್ತು. ಬೆಳಿಗ್ಗೆ ಐದರಿಂದ ಆರೂ ಮುಕ್ಕಾಲಿನ ತನಕ ಜನರಲ್ ಜೊತೆ ಇದ್ದೆ. ಕೇಳಿ ನೋಡಿ."

ಕೇಳಿದ. ನಿಜವಾಗಿತ್ತು. ವೀಬ್ಕೆಗೆ ಗೋಡೆಗಳು ಒತ್ತಿಕೊಂಡು ಬಂದ ಹಾಗಾಯಿತು. ಈ ಕಚೇರಿಯಲ್ಲಿ ಭಯ ಎಲ್ಲರಿಗೂ ಇತ್ತು. ಯಾರ ಭಯ ಗುಂಡು ಹಾರಿಸಿತ್ತು?

*

ಗಾಂಟ್ಸರ್‌ನ ಮೇಜಿನ ಟೆಲಿಫೋನನ್ನು ವೀಬ್ಕೆ ಎತ್ತಿದ. ಸುಮ್ಮನೆ, ಏನೋ ತೋಚಿ, ಕೆಂಪು ಗೆರೆ ಎಳೆದ ಡಿವಿಷನ್ನಿನ ನಂಬರು ಹೇಳಿ, ಅದಕ್ಕೆ ಜೋಡಿಸು ಎಂದು ಆಪರೇಟರ್‌ಗೆ ಹೇಳಿದ.

ತಂತಿ ಗೊರಗೊರ ಎಂದಿತು. ಆಮೇಲೆ ಒಂದು ಒಡಕು ದನಿ.

"ಹೇಳಿ."

ವೀಬ್ಕೆ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. "ಯಾರು ಮಾತಾಡೋದು?"

"ಸಾರ್ಜೆಂಟ್ ಪ್ಯೂಟ್ಸ್. ನೀವ್ಯಾರು?"

"ನಿಮ್ಮ ಡಿವಿಷನ್ ವಿಸರ್ಜನೆ ಆಗಿದೆ ಅಂತ ಇಲ್ಲಿ ಬರೆದಿದೆ."

ಆ ಕಡೆ ನಗು. "ಹಂಗಾದ್ರೆ ಇಲ್ಲಿ ಚಳೀಲಿ ನಡುಗ್ತಿರೋರು ಯಾರಪ್ಪಾ? ಇನ್ನೂರ ಹದಿನೇಳು ಜನ ಇದೀವಿ. ಕ್ಯಾಪ್ಟನ್ ಮೇಷ್ಟ್ರನ್ನೇ ಕೇಳಿ. ಆರು ಗಂಟೆಗೆ ಲೆಕ್ಕ ಕೇಳಿದ್ರಲ್ಲ. ಬ್ರೆಡ್ ಕಳಿಸ್ತೀನಿ ಅಂದ್ರು."

ವೀಬ್ಕೆ ಮೇಜಿನ ಹಾಳೆಕಟ್ಟು ನೋಡಿದ. ಮೇಲಿನ ಒಂದೆರಡು ಹಾಳೆಗಳನ್ನು ಯಾರೋ ಹರಿದು ತೆಗೆದಿದ್ದರು.

*

ಟೆಸ್ಮಾರ್ ಅಂಗಳದಲ್ಲಿ ಕಾರಿಗೆ ಪೆಟ್ಟಿಗೆ ಹೇರಿಸುತ್ತಿದ್ದ. ವೀಬ್ಕೆ ಕರ್ನಲ್‌ನನ್ನೂ ಕರೆದುಕೊಂಡು ಅಲ್ಲಿಗೆ ಬಂದ.

"ಮೇಜರ್ ಸಾಹೇಬ್ರೆ, ಕ್ಯಾಪ್ಟನ್ ಕೊಟ್ಟ ಪತ್ರ ಒಮ್ಮೆ ನೋಡಲಾ?"

"ಬೇಗ ನೋಡು. ಐದೂವರೆಗೆ ಕೊಟ್ಟ. ಆಮೇಲೆ ಅವನ ಮುಖ ನೋಡಿಲ್ಲ ನಾನು."

"ಖಂಡಿತವಾಗಿ?"

"ಪ್ರಮಾಣ ಮಾಡ್ಲಾ?"

ವೀಬ್ಕೆ ಪತ್ರವನ್ನು ಕಾರಿನ ಮೇಲೆ ಹರಡಿ ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದ. ಟೈಪಾದ ಸಾಲುಗಳ ನಡುವೆ ಬಿಳಿ ಅಕ್ಷರ ಎದ್ದವು. 'ಆರು ಗಂಟೆ. ೨೧೭. ಬ್ರೆಡ್.'

ಕರ್ನಲ್ ಬಗ್ಗಿ ಓದಿದ. "ಏನಿದು?"

"ಗಾಂಟ್ಸರ್ ಕೈಬರಹ. ಆರು ಗಂಟೆಗೆ ಕಂದಕದ ಲೆಕ್ಕ ಕೇಳಿ, ಮೇಲಿನ ಹಾಳೆಯಲ್ಲಿ ಒತ್ತಿ ಬರೆದ. ಗುರುತು ಕೆಳಗಿನ ಹಾಳೆಗೆ ಇಳೀತು. ಆ ಕೆಳಗಿನ ಹಾಳೆ ಇದು. ಐದೂವರೆಗೆ ಇವರ ಜೇಬಿಗೆ ಹೋಗಿದ್ರೆ ಆರು ಗಂಟೆಯ ಬರಹ ಇದರ ಮೇಲೆ ಬೀಳೋದು ಹೇಗೆ?"

ಟೆಸ್ಮಾರ್ ಕಾರಿನ ಬಾಗಿಲ ಕಡೆ ಸರಿದ. ವೀಬ್ಕೆ ಅಡ್ಡ ನಿಂತ.

"ಆರೂಕಾಲಿಗೆ ದಿನಾ ರಷ್ಯನ್ ಫಿರಂಗಿ ಶುರುವಾಗುತ್ತೆ. ಆ ಸದ್ದಲ್ಲಿ ಅವನದೇ ಪಿಸ್ತೂಲಿಂದ ಹೊಡೆದ್ರಿ. ಆಮೇಲೆ ಟೈಪ್ ಮಾಡಿ, ಅವನ ತಲೆಯನ್ನ ಟೈಪ್‌ರೈಟರ್ ಮೇಲಿಟ್ಟು, ಗೆರೆ ಎಳೆದ್ರಿ. ನಿಜವಾದ ಹೊತ್ತು ಹಾಕಿದ್ರೆ ಅವನನ್ನ ಕೊನೆಗೆ ಕಂಡೋರು ನೀವೇ ಆಗ್ತಿದ್ರಿ. ಅದಕ್ಕೇ ಐದೂವರೆ."

"ಕೈ ಮುಗಿದು ಕೇಳ್ದೆ ಅವನನ್ನ," ಟೆಸ್ಮಾರ್ ಪೆಟ್ಟಿಗೆಯ ಮೇಲೆ ಕುಸಿದ. "ಒಂದು ಸಾಲು ಬರಿ ಅಂತ. ಇನ್ನೊಂದು ವಾರದಲ್ಲಿ ಹೇಗಿದ್ರೂ ಒಬ್ಬನೂ ಇರಲ್ಲ ಅಂದೆ. ಇರೋರನ್ನ ಇಲ್ಲ ಅಂತ ಬರೆಯಲ್ಲ ಅಂದ. ನಾವೆಲ್ಲ ಇಲ್ಲೇ ಕೊಳೀಬೇಕು, ಅವನಿಗೆ ಲೆಕ್ಕ ಸರಿಯಾಗಿರ್ಬೇಕು!"

ಇಬ್ಬರು ಸೈನಿಕರು ಅವನನ್ನು ಎಬ್ಬಿಸಿ ಕರೆದೊಯ್ದರು. ಸಂಗಡಿಗರಿಬ್ಬರನ್ನು ಕಂದಕಕ್ಕೆ ಕಳಿಸಲು ಕರ್ನಲ್ ಆಜ್ಞೆ ಕೊಟ್ಟ.

ಆಮೇಲೆ ಮೂರು ಹಡಗಿನ ಚೀಟಿಗಳನ್ನು ವೀಬ್ಕೆಯ ಮುಂದೆ ಹಿಡಿದ. ದನಿ ತಗ್ಗಿಸಿದ. "ಒಂದು ನೀವಿಟ್ಕೊಳ್ಳಿ. ಆ ಸುಟ್ಟ ಪುಟಗಳ ವಿಷಯ ನಿಮ್ಮ ವರದಿಯಲ್ಲಿ ಬೇಡ."

ವೀಬ್ಕೆ ಮೂರನ್ನೂ ತೆಗೆದುಕೊಂಡ. "ವರದಿ ಆಗಲೇ ಬರೆದಾಯ್ತು ಸಾಹೇಬ್ರೆ. ಊರುಗಳ ಹೆಸರೂ ಇದೆ."

*

ಆಸ್ಪತ್ರೆಯಾಗಿದ್ದ ಚರ್ಚಿನ ಬಾಗಿಲಲ್ಲಿ ಡಾಕ್ಟರು ವೀಬ್ಕೆ ಕೊಟ್ಟ ಚೀಟಿಗಳನ್ನು ಎಣಿಸಿದರು. ಮೊದಲು ಅವರ ಮುಖ ಅರಳಿತು, ಆಮೇಲೆ ಬಾಡಿತು.

"ಮೂರೇನಾ?"

"ಮೂರೇ."

"ಒಳಗೆ ನೂರ ನಲವತ್ತು ಗಾಯಾಳುಗಳಿದ್ದಾರೆ. ಎಲ್ಲರಿಗೂ ಕಿವಿ ಕೇಳಿಸುತ್ತೆ." ಡಾಕ್ಟರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. "ಬನ್ನಿ. ಆರಿಸೋದು ನಾನು. ಉಳಿದೋರಿಗೆ ಹೇಳೋದು ನೀವು."

ವೀಬ್ಕೆ ಟೊಪ್ಪಿ ತೆಗೆದು ಒಳಗೆ ಹೋದ.