ಬ್ಲಾಂಕಾಳ ಮೂರನೆಯ ಗ್ಲಾಸ್

ಗ್ಲಾಸನ್ನು ಮೂಗಿನ ಹತ್ತಿರ ತಂದ ಬ್ಲಾಂಕಾ ಕುಡಿಯುವ ಮೊದಲೇ ಮುಖ ಸಿಂಡರಿಸಿದಳು.

"ಥೂ! ಒತಕಾರ್, ಏನೋ ಇದು? ಹಳೇ ಕಾಲುಚೀಲ ನೆನೆಹಾಕಿದ್ಯಾ?"

ಅಂಗಳದ ಬೆಂಚಿನ ತುದಿಯಲ್ಲಿ ಒತಕಾರ್ ಕುಗ್ಗಿ ಕೂತಿದ್ದ. ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡುವ ಬೆರಳುಗಳು ಟೋಪಿಯ ಅಂಚನ್ನು ತಿರುವುತ್ತಿದ್ದವು.

"ಸ್ವಲ್ಪ ಚೀಸ್ ಥರ ಇದೆ, ಅಲ್ವಾ?"

"ಚೀಸ್ ಆಗಿದ್ರೆ ಬ್ರೆಡ್ ಜೊತೆ ತಿನ್ಬಹುದಿತ್ತು!"

ಜಾಟೆಟ್ಸ್‌ನಲ್ಲಿ ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂ ಬೆಳೆಯುವ ಮನೆಯಲ್ಲಿ ಹುಟ್ಟಿದವಳು ಬ್ಲಾಂಕಾ. ಒಣಗಿದ ಹೂವನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಸಾಕು, ಯಾವ ತೋಟದ್ದು ಎಂದು ಹೇಳಿಬಿಡುತ್ತಿದ್ದಳು. ಅಂಥ ಮೂಗಿನವಳಿಗೆ ಮನಸೋತಿದ್ದು ಒತಕಾರನ ಗ್ರಹಚಾರ. ಮೂರು ವರ್ಷದ ಹಿಂದೆ, ಕೊಯ್ಲು ಮುಗಿದ ಹಬ್ಬದಲ್ಲಿ ಅವನು ಮದುವೆಯ ಮಾತೆತ್ತಿದಾಗ ಅವಳು ನಕ್ಕಿದ್ದಳು. "ಮನೇಲೇ ಪಿಲ್ಸ್ನರ್ ಬಿಯರ್ ಮಾಡು. ಒಂದು ಗ್ಲಾಸ್ ನಾನು ಪೂರ್ತಿ ಕುಡಿದ್ರೆ ನಿನ್ನವಳು. ಮೂರೇ ಚಾನ್ಸ್!"

ತಮಾಷೆಗೆ ಆಡಿದ ಮಾತನ್ನು ಅವನು ಆಣೆಯಂತೆ ಹಿಡಿದುಕೊಂಡ.

ಮೊದಲನೆಯ ಸಲ ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿ ಕೋಸು ಬೇಯಿಸಿದ ನಾತ ಬರಿಸಿದ. ಎರಡನೆಯ ಸಲ, ಹೋಗುತ್ತಾ ಬರುತ್ತಾ ಅವಳ ಕಣ್ಣಿಗೆ ಬೀಳಲೆಂದು ಬಾಟಲಿಗಳನ್ನು ಬಿಸಿಲಿನ ಕಿಟಕಿಯಲ್ಲಿ ಸಾಲಾಗಿ ಇಟ್ಟ. ಮುಚ್ಚಳ ತೆರೆದರೆ ಬೆಕ್ಕು ಉಚ್ಚೆ ಹೊಯ್ದ ಮೂಲೆಯ ವಾಸನೆ. ಅವಳು ಒಂದು ಗುಟುಕಿಗೇ ಎದ್ದು ಓಡಿದ್ದಳು.

"ಈ ಸಲ ಮುಚ್ಚಳ ಹಾಕ್ಲಿಲ್ಲ. ಬಾಟಲಿ ಕತ್ತಲಲ್ಲೇ ಇಟ್ಟಿದ್ದೆ," ಎಂದ ಒತಕಾರ್. "ಕಹಿಗೆ ಬೇಕಾದ ಹಾಪ್ಸ್ ಮೊದಲೇ ಹಾಕ್ದೆ. ಪರಿಮಳದ್ದು ಒಲೆ ಆರಿಸೋ ಹೊತ್ತಿಗೆ. ಎಲ್ಲಾ ನೀನು ಹೇಳಿದ ಹಾಗೇ."

"ಆ ಕೊನೇದು ಯಾವ ಹಾಪ್ಸ್?"

ಒತಕಾರ್ ಕಿವಿಯವರೆಗೂ ಕೆಂಪಾದ. ಜೇಬಿನಿಂದ ಒಂದು ಖಾಲಿ ಬಟ್ಟೆಚೀಲ ತೆಗೆದು ಬೆಂಚಿನ ಮೇಲಿಟ್ಟ. ಅಂಚಿಗೆ ಕೆಂಪು ದಾರದ ಅಂಕುಡೊಂಕು ಹೊಲಿಗೆ. ಬ್ಲಾಂಕಾಳದೇ ಹೊಲಿಗೆ! ನಿದ್ದೆ ಬರುತ್ತಿಲ್ಲ ಎಂದು ಅವನು ಗೋಳಾಡಿದಾಗ, ತಲೆಯಡಿಗೆ ಇಟ್ಟುಕೋ ಎಂದು ಅವಳೇ ಹಾಪ್ಸ್ ತುಂಬಿ ಕೊಟ್ಟಿದ್ದ ಪುಟ್ಟ ದಿಂಬು ಅದು.

"ಮೂರು ವರ್ಷ ತಲೆ ಇಟ್ಟು ಮಲಗಿದ್ಯಲ್ಲೋ ಇದರ ಮೇಲೆ!"

"ನಿನ್ನ ಕೈಯಾರೆ ತುಂಬಿದ್ದು. ಪರಿಮಳ ನಿಂದೇ ಇರ್ಲಿ ಅಂತ..."

"ನಿನ್ನ ತಲೆಬೆವರು ಕುಡಿಸ್ತಿದೀಯಾ ನಂಗೆ? ಹಾಪ್ಸ್ ಹೊಸದಿರ್ಬೇಕು, ಗಾಳಿ ತಾಗದ ಹಾಗೆ ತಣ್ಣಗಿಡ್ಬೇಕು ಅಂತ ಎಷ್ಟು ಸಲ ಬಡ್ಕೊಂಡಿದೀನಿ!"

ಒತಕಾರ್ ಎದ್ದ. ಟೋಪಿ ಹಾಕಿಕೊಂಡ. "ಚೆಲ್ಲಿಬಿಡು ಬ್ಲಾಂಕಾ. ಮೂರೂ ಮುಗೀತು. ಇನ್ನು ನಿನ್ನ ಪೀಡಿಸಲ್ಲ."

ಅವನು ಆಡಿದರೆ ಆಡಿದ್ದೇ. ಅದು ನೆನಪಾದ ಕೂಡಲೇ ಬ್ಲಾಂಕಾಳಿಗೆ ನಿಜವಾಗಿ ಭಯವಾಯಿತು.

"ಕೂತ್ಕೋ," ಎಂದು ಗದರಿದಳು. ಮೂಗು ಹಿಡಿದು, ಕಣ್ಣು ಮುಚ್ಚಿ, ಗಟಗಟನೆ ಕುಡಿಯತೊಡಗಿದಳು. ನಡುವೆ ಎರಡು ಸಲ ಮೈ ಜುಮ್ಮೆಂದಿತು, ಒಮ್ಮೆ ಓಕರಿಕೆ ಬಂತು. ಆದರೂ ನಿಲ್ಲಿಸಲಿಲ್ಲ. ಖಾಲಿ ಗ್ಲಾಸನ್ನು ಬೆಂಚಿನ ಮೇಲೆ ಬೋರಲು ಹಾಕಿದಳು.

"ಅಸಹ್ಯ!"

"ಮತ್ಯಾಕೆ ಕುಡಿದೆ?"

"ಪೂರ್ತಿ ಕುಡಿದ್ರೆ ಅಂದಿದ್ದೆ. ಚೆನ್ನಾಗಿರ್ಬೇಕು ಅಂತ ನಾನೆಲ್ಲಿ ಹೇಳಿದ್ದೆ?"

ಅರ್ಥವಾಗಲು ಅವನಿಗೆ ಒಂದು ಕ್ಷಣ ಹಿಡಿಯಿತು. ಆಮೇಲೆ ಮುಖವೆಲ್ಲ ನಗುವಾಗಿ ಹತ್ತಿರ ಬಾಗಿದ.

"ದೂರ ಇರು! ಬಾಯಿ ತೊಳ್ಕೊಂಡು ಬರ್ತೀನಿ," ಎಂದಳು ಬ್ಲಾಂಕಾ. ಆದರೆ ಅವನ ಅಂಗಿಯ ತೋಳನ್ನು ಬಿಡಲಿಲ್ಲ.