ಎರಡು ಫೋಟೋ ಕಮ್ಮಿ

ಲಕೋಟೆಯಲ್ಲಿ ಅವಳ ಪಾಸ್‌ಪೋರ್ಟ್ ಸೈಜಿನ ಫೋಟೋ ಆರು ಇರಬೇಕಿತ್ತು. ಇದ್ದದ್ದು ನಾಲ್ಕೇ. ಅದೂ ಸಿಕ್ಕಿದ್ದು ಬೀರುವಿನಲ್ಲಲ್ಲ, ಗಂಡನ ಪ್ಯಾಂಟಿನ ಜೇಬಿನಲ್ಲಿ.

ಬಟ್ಟೆ ಅಂಗಡಿಯಲ್ಲಿ ಆಲ್ಟರೇಶನ್ ಮಾಡುವ ಟೈಲರ್ ಅವಳು. ಕೈಗೆ ಪ್ಯಾಂಟು ಬಂದರೆ ಮೊದಲು ಜೇಬು ತಡಕುವುದು ಹತ್ತು ವರ್ಷದ ಅಭ್ಯಾಸ. ಹೆಂಡತಿಯ ಫೋಟೋವನ್ನು ಕದ್ದು ಜೇಬಿನಲ್ಲಿಟ್ಟುಕೊಂಡ ಗಂಡನನ್ನು ಕಂಡು, ಬೇರೆಯವರಾಗಿದ್ದರೆ, ನಾಚಿ ನೀರಾಗುತ್ತಿದ್ದರು. ಇವಳ ಎದೆ ಧಸಕ್ಕೆಂದಿತು.

ಅಲ್ಲ, ಪಾಸ್‌ಪೋರ್ಟ್ ಸೈಜಿನ ಫೋಟೋವನ್ನು ಪ್ರೀತಿಗೆಂದು ಯಾವ ಗಂಡ ಒಯ್ಯುತ್ತಾನೆ? ಅದನ್ನು ಅಂಟಿಸುವುದು ಅರ್ಜಿಗೆ. ಸಾಲದ ಅರ್ಜಿಗೆ!

ಎರಡು ವರ್ಷದ ಹಿಂದೆ ಈ ಮಹಾಶಯ ಅಂಥದ್ದೇ ಕೆಲಸ ಮಾಡಿದ್ದ. ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್; ಮುಖ ನೋಡಿದರೆ ಯಾರಿಗಾದರೂ ಮುದ್ದು ಬರಬೇಕು. ತನ್ನ ಅಕ್ಕನ ಗಂಡ ಕೇಳಿದನೆಂದು, ಹೆಂಡತಿಗೆ ಒಂದು ಮಾತೂ ಹೇಳದೆ, ಅವನ ಸಾಲಕ್ಕೆ ಜಾಮೀನು ಸಹಿ ಹಾಕಿ ಬಂದಿದ್ದ. ಆರೇ ತಿಂಗಳಿಗೆ ಭಾವ ಕೈ ಎತ್ತಿದ. ಸಾಲ ಪೂರ್ತಿ ಇವರ ತಲೆಗೆ ಬಂತು.

ಅಂದಿನಿಂದ ಮನೆಗೊಂದು ಕಟ್ಟುನಿಟ್ಟು. ಸಂಬಳದ ದಿನ ಇಬ್ಬರೂ ಮೇಜಿಗೆ ಎದುರುಬದುರು ಕೂತು ಕಂತು, ಬಾಡಿಗೆ, ಅಡುಗೆ ಸಾಮಾನು ಎಂದು ದುಡ್ಡನ್ನು ಬೇರೆ ಬೇರೆ ಎತ್ತಿಡುವುದು. ಅವನ ಕ್ರೆಡಿಟ್ ಕಾರ್ಡನ್ನು ಅವಳೇ ತನ್ನ ಕತ್ತರಿಯಲ್ಲಿ ಕಚಕ್ಕನೆ ಎರಡು ತುಂಡು ಮಾಡಿದ್ದಳು. ಜೊತೆಗೆ ಒಂದು ಮಾತನ್ನೂ ಹೇಳಿದ್ದಳು.

"ಇನ್ನೊಂದು ಸಲ ನಂಗೆ ಹೇಳದೆ ಎಲ್ಲಾದ್ರೂ ಸಹಿ ಹಾಕಿದ್ರೆ, ಅವತ್ತೇ ನಾನು ನಮ್ಮಕ್ಕನ ಮನೆಗೆ. ಕರೆಯೋಕೆ ಬರಬೇಡಿ."

ಈಗ ಬಾಕಿ ಇದ್ದದ್ದು ನಾಲ್ಕು ಕಂತು. ಅಷ್ಟರಲ್ಲಿ ಇದು!

ಸ್ನಾನದ ಮನೆಯ ಬಾಗಿಲು ತೆರೆದ ಸದ್ದಾಯಿತು. ಅವಳು ಲಕೋಟೆಯನ್ನು ಇದ್ದ ಹಾಗೇ ಜೇಬಿಗೆ ತುರುಕಿದಳು.

"ಆ ಪ್ಯಾಂಟು ಒಗೆಯೋಕೆ ಹಾಕ್ಬೇಡ ಕಣೇ. ಹಾಕ್ಕೊಂಡು ಹೋಗ್ಬೇಕು."

"ರಜಾ ದಿನ ಎಲ್ಲಿಗೆ ಸವಾರಿ?"

"ಒಂದು ಲಿಫ್ಟ್ ಕೆಟ್ಟಿದೆಯಂತೆ."

"ಟೂಲ್ಸ್ ಬ್ಯಾಗ್ ಇಲ್ಲೇ ಇದೆಯಲ್ಲ?"

ತಲೆ ಬಾಚುತ್ತಿದ್ದ ಕೈ ಅಲ್ಲೇ ನಿಂತಿತು. ಅವನು ಕನ್ನಡಿಯೊಳಗಿಂದಲೇ ಅವಳನ್ನು ನೋಡಿದ. ಅವಳು ರೆಪ್ಪೆ ಮಿಟುಕಿಸದೆ ತಿರುಗಿ ನೋಡಿದಳು. "ಅಲ್ಲೇ ಎಲ್ಲ ಇಟ್ಟಿದಾರೆ" ಎಂದು ಅವನೇ ಮೊದಲು ಕಣ್ಣು ತಪ್ಪಿಸಿದ. ಅವನ ಕಿವಿಯ ಹಿಂದೆ ಒಂದು ಹನಿ ನೀರು ಉಳಿದಿತ್ತು. ಒರೆಸಬೇಕೆಂದು ಅವಳ ಕೈ ತಾನಾಗಿಯೇ ಮೇಲೆದ್ದಿತು. ಥೂ, ಇಷ್ಟಾದರೂ ಬುದ್ಧಿ ಬರಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅವನು ಹೊರಟ. ಅವಳೂ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟಳು.

ಮೂರು ಬೀದಿ ದಾಟಿದರೂ ಅವನು ಒಮ್ಮೆಯೂ ಹಿಂದೆ ತಿರುಗಲಿಲ್ಲ. ನಾಲ್ಕನೆಯದರಲ್ಲಿ ಸಾಲ ಕೊಡುವ ಸೊಸೈಟಿಯ ಮೆಟ್ಟಿಲು ಹತ್ತಿದ. ಅವಳೂ ಮೆಲ್ಲಗೆ ಮೆಟ್ಟಿಲು ಹತ್ತಿದಳು. ಯಾವ ಬಟ್ಟೆ ಒಯ್ಯಬೇಕು, ಯಾವುದು ಬಿಡಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬ್ಯಾಗು ತುಂಬಿಕೊಂಡು ಬಂದಿದ್ದಳು. ಆದರೂ ಒಂದು ಮೂಲೆಯಲ್ಲಿ, ಅವನು ಬೇರೆಲ್ಲಾದರೂ ಹೋಗಲಿ ದೇವರೇ ಎಂದು ಬೇಡುತ್ತಲೇ ಇದ್ದಳು.

ಗಾಜಿನ ಬಾಗಿಲಾಚೆ ಕೌಂಟರಿನ ಹೆಂಗಸು ಒಂದು ಕಾಗದಕ್ಕೆ ಇವಳ ಫೋಟೋ ಅಂಟಿಸುತ್ತಿದ್ದಳು. ಈಗ ಸಾಲ ನನ್ನ ಹೆಸರಿನಲ್ಲೇ! ಅವಳು ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದಳು.

"ನನ್ನ ಫೋಟೋ ಕೀಳ್ರೀ! ಎಷ್ಟು ಸಾಲಕ್ಕೆ ಹಾಕಿದಾರೆ ಇವ್ರು?"

ಅವನು ಬೆಚ್ಚಿಬಿದ್ದು ತಿರುಗಿದ. ಮುಖದಲ್ಲಿ ರಕ್ತವಿಲ್ಲ. ಕೌಂಟರಿನ ಹೆಂಗಸು ಮಾತ್ರ ಕನ್ನಡಕ ಸರಿಮಾಡಿಕೊಂಡು ಫೋಟೋವನ್ನೂ ಇವಳನ್ನೂ ನೋಡಿ ನಕ್ಕಳು.

"ಫೋಟೋಗಿಂತ ಎದುರಿಗೇ ಚೆನ್ನಾಗಿದೀರಮ್ಮ. ಸಾಲ ಎಲ್ಲಿಂದ ಬಂತು? ಇಪ್ಪತ್ತು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ, ನಂಗೆ ಸಾಲ ಕೊಡಬೇಡಿ ಅಂತ ಅರ್ಜಿ ಹಿಡ್ಕೊಂಡು ಬಂದೋರು ಇವ್ರೊಬ್ರೇ!"

ಅವಳು ಕಾಗದ ಕಸಿದುಕೊಂಡಳು. ಅವನದೇ ಅಂಕುಡೊಂಕು ಅಕ್ಷರ. 'ನಾನು ಸಾಲಕ್ಕಾಗಲಿ ಜಾಮೀನಿಗಾಗಲಿ ಸಹಿ ಹಾಕಲು ಬಂದರೆ, ಈ ಫೋಟೋದಲ್ಲಿರುವ ನನ್ನ ಹೆಂಡತಿ ಪಕ್ಕದಲ್ಲಿ ನಿಂತು ಸಹಿ ಹಾಕದ ಹೊರತು, ದಯವಿಟ್ಟು ನನ್ನನ್ನು ವಾಪಸ್ ಕಳುಹಿಸಿ.'

ಓದಿದಳು. ಹಾಳೆ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದಳು. ಏನೂ ಇರಲಿಲ್ಲ.

"ಇನ್ನೆರಡು ಫೋಟೋ?"

"ಹೋದ ವಾರ ಬೇರೆ ಎರಡು ಆಫೀಸಿಗೆ ಕೊಟ್ಟೆ. ಇಂಥದೇ ಅರ್ಜಿ."

"ಸುಮ್ಮಸುಮ್ಮನೆ ಯಾರೂ ಇಂಥದ್ದು ಬರೆಯಲ್ಲ. ಯಾರು ಕೇಳಿದ್ರು, ನಿಜ ಹೇಳಿ."

"ಭಾವ. ಮತ್ತೆ ಜಾಮೀನು ಬೇಕಂತೆ."

"ನೀವೇನಂದ್ರಿ?"

ಅವನು ನೆಲ ನೋಡಿದ. "ನೋಡೋಣ ಅಂದೆ."

"ನೋಡೋಣ!"

"ಅದಕ್ಕೇ ಕಣೇ ಇದೆಲ್ಲ. ಅಕ್ಕ ಪಕ್ಕದಲ್ಲಿ ನಿಂತಿರ್ತಾಳೆ, ನನ್ನ ಬಾಯಿಂದ ಇಲ್ಲ ಅನ್ನೋ ಮಾತು ಹೊರಡೋದೇ ಇಲ್ಲ. ಎಲ್ಲಿ ಮತ್ತೆ ಸಹಿ ಹಾಕಿಬಿಡ್ತೀನೋ ಅಂತ ನನಗೇ ನನ್ನ ಮೇಲೆ ನಂಬಿಕೆ ಇಲ್ಲ. ನಿಂಗೆ ಹೇಳೋಕೂ ಭಯ. ನೀನು ಹೋಗಿಬಿಟ್ರೆ ನಾನು ಬದುಕೋದು ಹೆಂಗೆ?"

ಅವಳ ಕಣ್ಣು ತುಂಬಿಬಂತು. ಜನರೆದುರು ಅಳಬಾರದೆಂದು ತುಟಿ ಕಚ್ಚಿಕೊಂಡಳು. ಇಷ್ಟು ದೊಡ್ಡ ಪೆದ್ದನನ್ನು ಇಷ್ಟೊಂದು ಪ್ರೀತಿಸುತ್ತೇನಲ್ಲ ಎಂದು ನಗುವೂ ಬಂತು.

"ಹೇಗೂ ಬಂದಿದೀರಲ್ಲಮ್ಮ, ನಿಮ್ಮ ಒಪ್ಪಿಗೆ ಸಹೀನೂ ಹಾಕಿಬಿಡಿ" ಎಂದು ಕೌಂಟರಿನ ಹೆಂಗಸು ಪೆನ್ನು ಮುಂದೆ ಚಾಚಿದಳು. ಇವಳು ಇನ್ನೊಮ್ಮೆ ಪೂರ್ತಿ ಓದಿಯೇ ಸಹಿ ಹಾಕಿದಳು.

ಅವನು ಮೆಲ್ಲಗೆ ಹತ್ತಿರ ಸರಿದ. "ಮುಂದೆ ಯಾವತ್ತಾದ್ರೂ ನಾನು ಕೈಕಾಲು ಹಿಡಿದು ಗೋಗರೆದ್ರೆ, ಮನಸ್ಸು ಕರಗಿ ಜಾಮೀನಿಗೆ ಸಹಿ ಹಾಕ್ತೀಯಾ?"

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಪ್ರಾಣ ಹೋದ್ರೂ ಇಲ್ಲ."

ಅವನ ಮುಖ ಅರಳಿತು. ಎಲ್ಲರೆದುರೇ ಅವಳ ಕೈ ಹಿಡಿದುಕೊಂಡ.

"ಇನ್ನೊಂದ್ಸಲ ಹೇಳೇ."

ಅವಳು ಹೇಳಿದಳು.