ಒಂಬತ್ತನೇ ಲೆವೆಲ್ಲಿನ ಕಪ್ಪೆ ಮತ್ತು ಸತ್ತ ನಕ್ಷತ್ರ

“ಒಳಗೇನು ಮನೆ ಮಾಡ್ಕೊಂಡ್ಯಾ?” ಅಜ್ಜಿ ಮೂರನೇ ಸಲ ಬಾತ್‌ರೂಮಿನ ಬಾಗಿಲು ತಟ್ಟಿದಳು.

ಚಿನಕುರಳಿ ಒಳಗೆ ಬಕೆಟ್ ಬೋರಲು ಹಾಕಿ ಕೂತಿದ್ದಳು. ಹೊಟ್ಟೆನೋವು ಅಂದದ್ದು ಶುದ್ಧ ಸುಳ್ಳು.

ಆಗಿದ್ದಿಷ್ಟು. ಚಿಕ್ಕಮ್ಮ ಊಟಕ್ಕೆ ಕೂತಾಗ ಇವಳು ಅವಳ ಫೋನ್ ಹಾರಿಸಿ ಗೇಮ್ ಆಡುತ್ತಿದ್ದಳು. ಒಂಬತ್ತನೇ ಲೆವೆಲ್ಲಿನಲ್ಲಿ ಕಪ್ಪೆ ಇನ್ನೇನು ನದಿ ದಾಟಬೇಕು, ಕೆಂಪು ಮೆಸೇಜೊಂದು ಅಡ್ಡ ಬಂತು. ಬೆರಳಿನಿಂದ ಸರಕ್ಕನೆ ತಳ್ಳಿಬಿಟ್ಟಳು. ಕಪ್ಪೆ ದಾಟಿತು. ಆಮೇಲೆ ತಳ್ಳಿದ್ದು ಏನೆಂದು ಹೊಳೆಯಿತು; ಫೋನ್ ಇದ್ದಲ್ಲೇ ಇಟ್ಟು, ಹೊಟ್ಟೆನೋವು ಎಂದು ಬಾತ್‌ರೂಮಿಗೆ ಓಡಿದಳು.

ಕೆಂಪು ಮೆಸೇಜ್ ಬಂದರೆ ಓಡಿ ಬಂದು ಹೇಳಿ ಎಂದು ಚಿಕ್ಕಮ್ಮ ಮನೆಯವರಿಗೆಲ್ಲ, ಹಾಲಿನವನಿಗೂ ಹೇಳಿಟ್ಟಿದ್ದಳು. ಅವಳು ಖಗೋಳ ವಿಜ್ಞಾನಿ. ದೂರದಲ್ಲೆಲ್ಲೋ ದೊಡ್ಡ ನಕ್ಷತ್ರವೊಂದು ಸಾಯುವಾಗ ಗಾಮಾ ಕಿರಣಗಳು ಭಗ್ಗೆಂದು ಚಿಮ್ಮಿ, ನೋಡನೋಡುತ್ತಲೇ ಮುಗಿದುಹೋಗುತ್ತವೆ. ಅದನ್ನು ಕಂಡ ಉಪಗ್ರಹವೇ ಕೆಂಪು ಮೆಸೇಜ್ ಕಳಿಸುವುದು. ಹಿಂದೆ ಉಳಿಯುವ ಹೊಳಪೂ ನಿಮಿಷ ನಿಮಿಷಕ್ಕೆ ಮಂಕಾಗುತ್ತದೆ. ಅಷ್ಟರೊಳಗೆ ಭೂಮಿಯ ಆ ಬದಿಯ ಟೆಲಿಸ್ಕೋಪನ್ನು ಇಲ್ಲಿಂದಲೇ ಅತ್ತ ತಿರುಗಿಸಬೇಕು. ಚಿಕ್ಕಮ್ಮ ಏಳು ತಿಂಗಳಿಂದ ಕಾಯುತ್ತಿದ್ದಳು.

ಹೊರಗೆ ಅವಳ ದನಿ ಕೇಳಿಸಿತು. ಇವತ್ತೂ ಏನೂ ಬರಲಿಲ್ಲ, ಪಾಪ ಮಗುವಿಗೆ ಹೊಟ್ಟೆನೋವಂತೆ, ಔಷಧಿ ತಂದುಬಿಡ್ತೀನಿ ಎನ್ನುತ್ತಾ ಚಪ್ಪಲಿ ಮೆಟ್ಟುತ್ತಿದ್ದಳು.

ಇದು ಮಾತ್ರ ಚಿನಕುರಳಿಗೆ ತಡೆಯಲಾಗಲಿಲ್ಲ. ಬಾಗಿಲು ತೆಗೆದು ಒಂದೇ ಉಸಿರಿಗೆ ಹೇಳಿದಳು: “ಹೊಟ್ಟೆನೋವಿಲ್ಲ ಮೆಸೇಜ್ ಬಂದಿತ್ತು ನಾನೇ ತಳ್ಬಿಟ್ಟೆ.”

ಚಿಕ್ಕಮ್ಮ ಒಂದೇ ಚಪ್ಪಲಿಯಲ್ಲಿ ಲ್ಯಾಪ್‌ಟಾಪಿನತ್ತ ಓಡಿದಳು. ದಾರಿಯಲ್ಲಿದ್ದ ಕುರ್ಚಿ ಮಗುಚಿತು. ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಇರಲಿ ಎಂದು ಮೊಮ್ಮಗಳನ್ನು ಗದರಿದಳು.

ಸ್ವಲ್ಪ ಹೊತ್ತಿಗೆ ಟೆಲಿಸ್ಕೋಪು ಅತ್ತ ತಿರುಗಿ, ಪರದೆಯ ಗ್ರಾಫಿನ ಮೇಲೆ ಒಂದೊಂದೇ ಚುಕ್ಕಿ ಮೂಡತೊಡಗಿತು. ಪ್ರತಿಯೊಂದೂ ಹಿಂದಿನದಕ್ಕಿಂತ ಕೊಂಚ ಕೆಳಗೆ. ಹೊಳಪು ಹೇಗೆ ಇಳಿಯುತ್ತದೆ ಎಂದು ನೋಡಿದರೆ, ಸಾಯುವಾಗ ಆ ನಕ್ಷತ್ರದ ಸುತ್ತ ಏನಿತ್ತು ಎಂದು ಹೇಳಬಹುದಂತೆ. ಚಿಕ್ಕಮ್ಮ ಬೈಯಲೇ ಇಲ್ಲ. ಬೈದಿದ್ದರೆ ಚಿನಕುರಳಿಗೆ ಎಷ್ಟೋ ಹಗುರಾಗುತ್ತಿತ್ತು.

ಎಡಗಡೆ ಒಂದಿಷ್ಟು ಜಾಗ ಖಾಲಿ ಇತ್ತು.

“ಇಲ್ಲಿ ಯಾಕೆ ಚುಕ್ಕಿ ಇಲ್ಲ?”

“ಅದು ನಾವು ನೋಡದೇ ಇದ್ದ ಇಪ್ಪತ್ತು ನಿಮಿಷ. ಇನ್ನು ನಮಗೆ ಸಿಗಲ್ಲ.”

ಎಲ್ಲ ಆ ಹಾಳು ಕಪ್ಪೆಯಿಂದ ಎನ್ನಲು ಚಿನಕುರಳಿ ಬಾಯಿ ತೆರೆದಳು. ಆಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬೆರಳನ್ನು ಖಾಲಿ ಜಾಗದ ತುದಿಯಲ್ಲಿಟ್ಟಳು.

“ಕಪ್ಪೆದು ಇಷ್ಟೇ, ಎರಡು ನಿಮಿಷ,” ಎಂದಳು ಮೆಲ್ಲಗೆ. “ಮಿಕ್ಕಿದ್ದೆಲ್ಲ ನಾನು ಬಾಗಿಲು ಹಾಕ್ಕೊಂಡು ಕೂತಿದ್ದು.”